ಚುಕ್ಕಿಗೆ ಚುಕ್ಕಿ ಜೋಡಿಸುವ ಸವಣೂರಿನ ಮುನವ್ವರಾ

ಬೆಳಗಿನ ಆರೂಕಾಲು. ಸವಣೂರಿನ ಕಾಲೇಜೊಂದರ ಕಂಪ್ಯೂಟರ್ ಕೋಣೆಯಲ್ಲಿ ಒಂದೇ ಒಂದು ಪರದೆ ಬೆಳಗುತ್ತಿದೆ. ಅದರ ಮುಂದೆ ಕುಳಿತ ಮುನವ್ವರಾ ಒಂದು ಸಾಲು ಟೈಪ್ ಮಾಡಿ ಗುಂಡಿ ಒತ್ತುತ್ತಾರೆ. ಒಂದರಿಂದ ಹತ್ತರವರೆಗೆ ಅಂಕಿ ಹೊತ್ತ ಹತ್ತು ಚುಕ್ಕಿಗಳು ಮೂಡುತ್ತವೆ, ಅವುಗಳ ನಡುವೆ ಹದಿನೈದೋ ಹದಿನಾರೋ ಗೆರೆಗಳು. ಮತ್ತೊಮ್ಮೆ ಒತ್ತಿದರೆ ಚುಕ್ಕಿಗಳು ಅಷ್ಟೇ, ಗೆರೆಗಳು ಬೇರೆ. ಪ್ರಿಂಟರ್ ಹೊರಗೆ ತಳ್ಳಿದ ಹಾಳೆಯನ್ನು ಅವರು ಕಿಟಕಿಯ ಬಳಿ ಒಯ್ದು ಬೆಳಕಿಗೆ ಹಿಡಿಯುತ್ತಾರೆ. ತಲೆ ಅಡ್ಡಡ್ಡ ಆಡಿಸುತ್ತಾರೆ.

"ಇದು ನಡ್ಯಂಗಿಲ್ರಿ. ಮೂರರಿಂದ ಎಂಟಕ್ಕ ಹೋಗೋ ಗೆರಿ ನೋಡ್ರಿ, ನಡುವಿನ ಆರನೇ ಚುಕ್ಕಿಗೆ ಹತ್ತಿದಂಗ ಕಾಣತೈತಿ. ಆದ್ರ ಹತ್ತಿಲ್ಲ. ಹುಡುಗರು ಮೋಸ ಹೋಗ್ತಾರ. ಮಷಿನ್‌ಗೆ ಇದು ತಿಳಿಯಂಗಿಲ್ಲ, ಕಣ್ಣಿಗೆ ತಿಳೀತೈತಿ."

ಮತ್ತೆ ಪರದೆಯ ಮುಂದೆ ಕುಳಿತು ಆರನೇ ಚುಕ್ಕಿಯನ್ನು ಮೌಸಿನಿಂದ ಅರ್ಧ ಇಂಚು ಪಕ್ಕಕ್ಕೆ ಎಳೆಯುತ್ತಾರೆ. ಹೊಸ ಹಾಳೆ ಬರುತ್ತದೆ, ಈ ಸಲ ಪಾಸು. ಏಳೂವರೆಯೊಳಗೆ ಇಂಥ ಇಪ್ಪತ್ತೆಂಟು ಹಾಳೆಗಳು ಆಗಬೇಕು. ಅವು ಮೂರು ಖಾಕಿ ಲಕೋಟೆಗಳಲ್ಲಿ ಸೇರಿ ಹಾನಗಲ್, ಶಿಗ್ಗಾಂವ ಮತ್ತು ಹಿರೇಕೆರೂರಿನ ದಾರಿ ಹಿಡಿಯಬೇಕು. ಒಯ್ಯುವವರು ಬಸ್ಸಿನ ಕಂಡಕ್ಟರುಗಳು. ಲಕೋಟೆಯಲ್ಲಿ ಏನಿದೆ ಎಂದು ಒಬ್ಬರು ಒಮ್ಮೆ ಕೇಳಿದ್ದರಂತೆ. "ಗಣಿತ ಐತ್ರಿ ಅಂದೆ. ಅವತ್ತಿನಿಂದ ಸೀಟಿನ ಮ್ಯಾಲ ಇಡ್ತಾರ, ಕೆಳಗ ಇಡಂಗಿಲ್ಲ" ಎಂದು ಮುನವ್ವರಾ ನಗುತ್ತಾರೆ.

ಮುನವ್ವರಾಗೆ ಈಗ ನಲವತ್ತೊಂದು ವರ್ಷ. ಹುದ್ದೆ ತಾತ್ಕಾಲಿಕ ಲ್ಯಾಬ್ ಸಹಾಯಕಿ. ಕೆಲಸದ ಪಟ್ಟಿಯಲ್ಲಿ ಕಂಪ್ಯೂಟರ್ ಒರೆಸುವುದು, ಹಾಜರಿ ಹಿಡಿಯುವುದು, ಪ್ರಿಂಟರಿಗೆ ಶಾಯಿ ತುಂಬುವುದು ಇವೆಲ್ಲ ಇವೆ. ಅವರನ್ನು ನಾಲ್ಕು ತಾಲ್ಲೂಕುಗಳ ಗಣಿತದ ಮೇಷ್ಟ್ರುಗಳಿಗೆ ಬೇಕಾದವರನ್ನಾಗಿ ಮಾಡಿದ ಕೆಲಸ ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಗಣಿತದ ಒಂದು ಉಚಿತ ತಂತ್ರಾಂಶ ಬಳಸಿ ಅವರು ಗ್ರಾಫ್‌ಗಳನ್ನು ಹುಟ್ಟಿಸುತ್ತಾರೆ. ಶಾಲೆಯಲ್ಲಿ ಚೌಕಳಿ ಹಾಳೆಯ ಮೇಲೆ ಬರೆಯುತ್ತಿದ್ದ ಗ್ರಾಫ್ ಇದಲ್ಲ. ಇಲ್ಲಿ ಚುಕ್ಕಿಗಳಿವೆ, ಕೆಲವು ಚುಕ್ಕಿಗಳ ನಡುವೆ ಗೆರೆಗಳಿವೆ, ಅಷ್ಟೇ. ಚುಕ್ಕಿ ಊರಾದರೆ ಗೆರೆ ರಸ್ತೆ, ಚುಕ್ಕಿ ಮನುಷ್ಯನಾದರೆ ಗೆರೆ ಗೆಳೆತನ. ಯಾವ ಗೆರೆ ಇರಬೇಕು, ಯಾವುದು ಬೇಡ ಎಂಬುದನ್ನು ತಂತ್ರಾಂಶ ಅದೃಷ್ಟಕ್ಕೆ ಬಿಡುತ್ತದೆ.

"ಹತ್ತು ಚುಕ್ಕಿಗೆ ನಲವತ್ತೈದು ಜೋಡಿ ಆಗ್ತಾವ್ರಿ. ಒಂದೊಂದು ಜೋಡಿಗೂ ನಾಣ್ಯ ಹಾರಿಸಿದಂಗ. ಛಾಪಾ ಬಿದ್ರ ಗೆರಿ ಹಾಕು, ಕಾಟಾ ಬಿದ್ರ ಬಿಡು. ನನ್ನ ನಾಣ್ಯ ಸ್ವಲ್ಪ ವಾಲೇತಿ, ಮೂರರಾಗ ಒಂದ ಸಲ ಛಾಪಾ ಬೀಳತೈತಿ. ಇಲ್ಲಂದ್ರ ಹಾಳಿ ತುಂಬ ಗೆರಿ ಆಗಿ ಹುಡುಗರ ತಲಿ ಕೆಡತೈತಿ."

ಈ ಹಾಳೆಗಳ ಹಿಂದೆ ಇರುವುದು ಇದೇ ಕಾಲೇಜಿನ ಗಣಿತ ಅಧ್ಯಾಪಕ ಕರಿಬಸಪ್ಪನವರ ಹಟ. ಅಕ್ಕಪಕ್ಕ ಕುಳಿತ ಇಬ್ಬರಿಗೆ ಒಂದೇ ಲೆಕ್ಕ ಕೊಟ್ಟರೆ ಒಬ್ಬ ಮಾಡುತ್ತಾನೆ, ಇನ್ನೊಬ್ಬ ನೋಡುತ್ತಾನೆ ಎಂಬುದು ಅವರ ಮೂವತ್ತು ವರ್ಷದ ಅನುಭವ. ಆದ್ದರಿಂದ ತಲೆಗೊಂದು ಗ್ರಾಫ್. ಪ್ರಶ್ನೆ ಒಂದೇ: ಪೆನ್ಸಿಲ್ ಎತ್ತದೆ, ಒಂದು ಗೆರೆಯ ಮೇಲೆ ಎರಡು ಸಲ ಹೋಗದೆ, ಈ ಚಿತ್ರವನ್ನು ಪೂರ್ತಿ ಬರೆಯಲು ಸಾಧ್ಯವೇ? ಉತ್ತರ ಮಾತ್ರ ಹಾಳೆಯಿಂದ ಹಾಳೆಗೆ ಬೇರೆ.

ಎಂಟು ವರ್ಷದ ಹಿಂದೆ ಮುನವ್ವರಾ ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಟೈಪಿಸ್ಟ್ ಆಗಿದ್ದರು. ಕರಿಬಸಪ್ಪ ಕೈಯಲ್ಲಿ ಬರೆದ ನಾಲ್ಕು ಚಿತ್ರಗಳನ್ನು ತಂದು ಕಂಪ್ಯೂಟರಿನಲ್ಲಿ ಬರೆದುಕೊಡಲು ಕೇಳಿದರು. ಒಂದೊಂದು ಗೆರೆಯನ್ನೂ ಎಳೆದು ಮುಗಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಕೊನೆಗೆ ಆಕೆ ಕೇಳಿದ್ದು, "ಸರ್, ಈ ನಾಲ್ಕನೇದು ಪೆನ್ಸಿಲ್ ಎತ್ತದ ಬರಾಕ ಬರಂಗಿಲ್ಲಲ್ಲ, ಯಾಕ?"

"ಆಕಿ ಗೆರಿ ಎಳಿಯೂ ಮುಂದ ಬೆರಳಿಂದ ನಾಲ್ಕನ್ನೂ ಬರದು ನೋಡಿದ್ಲು" ಎಂದು ಕರಿಬಸಪ್ಪ ನೆನೆಯುತ್ತಾರೆ. "ನನ್ನ ಕ್ಲಾಸಿನಾಗ ಅಷ್ಟು ಮಂದಿ ಕುಂತಿರ್ತಾರ, ಒಬ್ಬರೂ ಯಾಕ ಅಂತ ಕೇಳಿರಲಿಲ್ಲ." ಮರುವರ್ಷ ಲ್ಯಾಬಿನಲ್ಲಿ ಜಾಗ ಖಾಲಿಯಾದಾಗ ಅವರೇ ಆಕೆಯ ಹೆಸರು ಹೇಳಿದರು.

ಆಕೆ ಓದಿದ್ದು ಬಿ.ಎಸ್ಸಿ. ಮೊದಲ ವರ್ಷದವರೆಗೆ. ವೀಳ್ಯದೆಲೆ ತೋಟದಲ್ಲಿ ದುಡಿಯುತ್ತಿದ್ದ ತಂದೆ ಶೇಖಸಾಬ ಬಿದ್ದು ಸೊಂಟ ಮುರಿದುಕೊಂಡಾಗ ಮನೆಯಲ್ಲಿ ನೋಡಿಕೊಳ್ಳುವವರು ಬೇಕಾಯಿತು, ಕಾಲೇಜು ನಿಂತಿತು. ತಂತ್ರಾಂಶದ ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದು, ಎದುರಿಗೆ ಅದು ಏನು ಮಾಡುತ್ತದೆ ಎಂದು ಬರೆದುಕೊಂಡರು. ಒಂದು ಅಲ್ಪವಿರಾಮ ತಪ್ಪಿದರೆ ಪರದೆ ಕೆಂಪು ಅಕ್ಷರಗಳಲ್ಲಿ ಬೈಯುತ್ತಿತ್ತು. ಮೊದಲ ತಿಂಗಳು ದಿನವೂ ಬೈಸಿಕೊಂಡೆ ಎನ್ನುತ್ತಾರೆ.

ಕೆಲಸ ಸಲೀಸಾಗಿ ಕಂಡರೂ ಸಲೀಸಲ್ಲ. ಅದೃಷ್ಟಕ್ಕೆ ಬಿಟ್ಟ ಗ್ರಾಫ್ ಕೆಲವೊಮ್ಮೆ ಎರಡು ತುಂಡಾಗಿ ಬರುತ್ತದೆ, ಕೆಲವೊಮ್ಮೆ ಒಂದು ಚುಕ್ಕಿ ಯಾರಿಗೂ ಸೇರದೆ ಮೂಲೆಯಲ್ಲಿ ಉಳಿಯುತ್ತದೆ. ಅಂಥವನ್ನು ಎಸೆಯಬೇಕು. ಬೆಸ ಸಂಖ್ಯೆಯ ಗೆರೆಗಳು ಸೇರುವ ಚುಕ್ಕಿಗಳು ಎರಡಕ್ಕಿಂತ ಹೆಚ್ಚಿದ್ದರೆ ಪೆನ್ಸಿಲ್ ಎತ್ತದೆ ಬರೆಯಲಾಗದು ಎಂಬುದು ನಿಯಮ. ಆದರೆ ಹಾಗೆ ಬರೆಯಬಲ್ಲ ಚಿತ್ರಗಳು ಸುಲಭವಾಗಿ ಸಿಗುವುದಿಲ್ಲ. "ಹತ್ತು ಹನ್ನೆರಡು ತಗದ್ರ ಒಂದು ಸಿಗತೈತ್ರಿ. ನನಗ ಅರ್ಧ ಹಾಳಿ 'ಸಾಧ್ಯ' ಬೇಕು, ಅರ್ಧ 'ಅಸಾಧ್ಯ' ಬೇಕು. ಇಲ್ಲಂದ್ರ ಹುಡುಗರು ನೋಡದನ ಅಸಾಧ್ಯ ಅಂತ ಟಿಕ್ ಹಾಕ್ತಾರ." ವಾರಕ್ಕೆ ಸುಮಾರು ನೂರ ನಲವತ್ತು ಹಾಳೆ. ಇಷ್ಟು ವರ್ಷಗಳಲ್ಲಿ ಎಲ್ಲ ಸೇರಿ ಇಪ್ಪತ್ತೈದು ಸಾವಿರ ದಾಟಿರಬಹುದು.

ಅಷ್ಟು ಹಾಳೆಗಳಲ್ಲಿ ಮೂವತ್ತೊಂದನ್ನು ಮಾತ್ರ ಆಕೆ ಮರೆತಿಲ್ಲ.

ನಾಲ್ಕು ವರ್ಷದ ಹಿಂದಿನ ಫೆಬ್ರುವರಿ. ಶಿಗ್ಗಾಂವದ ಒಂದು ತರಗತಿಗೆ ಆಂತರಿಕ ಪರೀಕ್ಷೆ. ಮೂವತ್ತೊಂದು ಹಾಳೆ ಪ್ರಿಂಟ್ ಆದವು, ಉತ್ತರದ ಪಟ್ಟಿ ಬರಬೇಕು ಎನ್ನುವಾಗ ಕರೆಂಟ್ ಹೋಯಿತು. ಹಾಳೆಗಳನ್ನು ಬಸ್ಸಿಗೆ ಕೊಟ್ಟು ಬಂದ ಮುನವ್ವರಾ ಕರೆಂಟ್ ಬಂದ ಮೇಲೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟು, ಒಂದರಿಂದ ಮೂವತ್ತೊಂದರವರೆಗೆ ಸಾಧ್ಯ, ಅಸಾಧ್ಯ ಎಂಬ ಪಟ್ಟಿ ತೆಗೆದು ಮಧ್ಯಾಹ್ನದ ಬಸ್ಸಿಗೆ ಕಳಿಸಿದರು.

ವಾರದ ನಂತರ ಲ್ಯಾಬಿನ ಫೋನ್ ರಿಂಗಣಿಸಿತು. ಮಾತಾಡಿದವಳು ಶಿಗ್ಗಾಂವದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದ ದುಂಡಸಿಯ ರಾಜಶ್ರೀ. ಪ್ರತಿ ಹಾಳೆಯ ಅಡಿಯಲ್ಲಿ ಲ್ಯಾಬಿನ ಫೋನ್ ನಂಬರ್ ಇರುತ್ತದೆ, ಆವರೆಗೆ ಯಾರೂ ಅದಕ್ಕೆ ಫೋನ್ ಮಾಡಿರಲಿಲ್ಲ.

"ಅಕ್ಕಾರ, ನನ್ನ ಹಾಳಿ ಹತ್ತೊಂಬತ್ತನೇದು. ಅಸಾಧ್ಯ ಅಂತ ಹಾಕೇನಿ. ತಪ್ಪು ಅಂತ ಸೊನ್ನಿ ಕೊಟ್ಟಾರ್ರಿ. ಆದ್ರ ಬೆಸ ಚುಕ್ಕಿ ನಾಲ್ಕು ಅದಾವು. ಬೇಕಾದ್ರ ನೀವ ಎಣಿಸಿ ನೋಡ್ರಿ."

"ಹಾಳಿ ಕೈಯಾಗ ಐತೇನವಾ? ಒಂದೊಂದು ಗೆರಿ ಓದು."

ರಾಜಶ್ರೀ ಓದಿದಳು. ಒಂದಕ್ಕೆ ಎರಡು, ಒಂದಕ್ಕೆ ಐದು, ಎರಡಕ್ಕೆ ಏಳು. ಮುನವ್ವರಾ ಬರೆದುಕೊಳ್ಳುತ್ತ ಹೋದರು, ಒಟ್ಟು ಹದಿನಾರು ಗೆರೆ. ಪಟ್ಟಿಯ ಜೊತೆ ಕಂಪ್ಯೂಟರಿನಲ್ಲಿ ಉಳಿದಿದ್ದ ಹತ್ತೊಂಬತ್ತನೇ ಚಿತ್ರ ತೆಗೆದು ನೋಡಿದರೆ ಅದರಲ್ಲಿ ಹದಿನಾಲ್ಕು. ಅದು ಬೇರೆಯದೇ ಚಿತ್ರ.

ಆದದ್ದು ಇಷ್ಟು. ತಂತ್ರಾಂಶ ಪ್ರತಿ ಸಲ ಹೊಸದಾಗಿ ನಾಣ್ಯ ಹಾರಿಸುತ್ತದೆ. ಹಳೆಯ ಚಿತ್ರಗಳೇ ಮತ್ತೆ ಬೇಕಾದರೆ ಮೊದಲೇ ಒಂದು ಅಂಕಿ ಕೊಟ್ಟಿರಬೇಕು. ಅದಕ್ಕೆ ಬೀಜದ ಅಂಕಿ ಎನ್ನುತ್ತಾರೆ. ಅದೇ ಬೀಜ ಕೊಟ್ಟರೆ ಅದೇ ಗ್ರಾಫ್‌ಗಳು ಬರುತ್ತವೆ. ಮುನವ್ವರಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು, ಬಳಸಿರಲಿಲ್ಲ. ಹೀಗಾಗಿ ಶಿಗ್ಗಾಂವದ ಮಕ್ಕಳ ಹಾಳೆಗಳು ಒಂದು ಸಲದವು, ಉತ್ತರಗಳು ಇನ್ನೊಂದು ಸಲದವು. ಸಾಧ್ಯ, ಅಸಾಧ್ಯ ಎಂಬ ಎರಡೇ ಉತ್ತರಗಳಾದ್ದರಿಂದ ಅರ್ಧದಷ್ಟು ಆಕಸ್ಮಿಕವಾಗಿ ಹೊಂದಿಕೊಂಡವು. ರಾಜಶ್ರೀ ಬಿಟ್ಟು ಯಾರಿಗೂ ಅನುಮಾನ ಬರಲಿಲ್ಲ.

ಆ ಅಂಕಗಳು ಶನಿವಾರ ವಿಶ್ವವಿದ್ಯಾಲಯಕ್ಕೆ ಹೋಗಬೇಕಿತ್ತು. ಅಂದು ಗುರುವಾರ. ತಾತ್ಕಾಲಿಕ ಕೆಲಸ ಮುಂದುವರಿಸುವ ಕಾಗದಕ್ಕೆ ಸಹಿ ಬೀಳುವುದೂ ಅದೇ ತಿಂಗಳು. ಸಂಜೆ ಗಂಡ ತನ್ವೀರ ಗಾದಿ ಹೊಲಿಯುತ್ತ ಕುಳಿತಿದ್ದಾಗ ಆಕೆ ಎಲ್ಲ ಹೇಳಿದರು.

"ಕರೆಂಟ್ ಹೋಗಿತ್ತಲ್ಲ, ಕಂಪ್ಯೂಟರ್ ಕೆಟ್ಟಿತ್ತು ಅಂತ ಹೇಳು" ಎಂದರು ತನ್ವೀರ.

"ಕಂಪ್ಯೂಟರ್ ಕೆಟ್ಟಿಲ್ಲ. ನಾ ಹೇಳಿದ್ದನ್ನ ಅದು ಮಾಡೇತಿ."

ತನ್ವೀರ ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು. "ಹಂಗಾರ ನಾಳೆ ನಾನ ಗಾಡಿ ಮ್ಯಾಲ ಶಿಗ್ಗಾಂವಕ್ಕ ಬಿಡ್ತೇನಿ. ಬಸ್ಸಿಗೆ ಕಾಯೂದು ಬ್ಯಾಡ" ಎಂದರು.

ಶುಕ್ರವಾರ ಬೆಳಿಗ್ಗೆ ಮುನವ್ವರಾ ಶಿಗ್ಗಾಂವದ ಗಣಿತದ ಮೇಡಂ ಎದುರು ನಿಂತು, ತಪ್ಪು ನನ್ನದು ಎಂದರು. ಮೇಡಂ ತಾವೇ ಒಂದು ಕುರ್ಚಿ ತಂದಿಟ್ಟು, ಅಂಕ ತೋರಿಸಿ ಮಕ್ಕಳಿಂದ ಮರಳಿ ಪಡೆದಿದ್ದ ಹಾಳೆಗಳ ಕಟ್ಟನ್ನು ಬೀರುವಿನಿಂದ ತೆಗೆದರು. ಒಬ್ಬರು ಗೆರೆಗಳನ್ನು ಓದುವುದು, ಇನ್ನೊಬ್ಬರು ಕಂಪ್ಯೂಟರಿಗೆ ತುಂಬುವುದು. ಮಷಿನ್ ಕ್ಷಣದಲ್ಲಿ ಹುಟ್ಟಿಸಿದ್ದ ಮೂವತ್ತೊಂದು ಗ್ರಾಫ್‌ಗಳನ್ನು ಕೈಯಿಂದ ಮತ್ತೆ ಕಟ್ಟುವಷ್ಟರಲ್ಲಿ ಮಧ್ಯಾಹ್ನ ಮೂರಾಯಿತು. ರಾಜಶ್ರೀಯ ಹಾಳೆ ತಿರುವಿದಾಗ ಹಿಂದೆ ಪುಟ್ಟ ಅಕ್ಷರದಲ್ಲಿ ಕಾರಣ ಬರೆದಿತ್ತು. ಟಿಕ್ ಹಾಕುವುದಷ್ಟೇ ಕೇಳಿದ್ದರಿಂದ ಅದನ್ನು ಯಾರೂ ಓದಿರಲಿಲ್ಲ.

ಲೆಕ್ಕ ಹೊರಬಿತ್ತು. ಹದಿಮೂರು ಜನರಿಗೆ ಅಂಕ ಸೇರಬೇಕು, ನಾಲ್ವರದು ಹೋಗಬೇಕು. ಆ ನಾಲ್ವರನ್ನು ಕರೆಸಿದಾಗ ಫಕ್ಕೀರೇಶ ಎಂಬವನು ಮುಖ ಸಣ್ಣದು ಮಾಡಿಕೊಂಡು, "ಬಂದ ಅಂಕಾ ಹೊಳ್ಳಿ ಕಸಗೊಂಡ್ರಲ್ರಿ ಅಕ್ಕಾರ" ಎಂದ.

"ಕಸಗೊಂಡೆ ಖರೆ. ಬಾ, ಕುಂದ್ರು. ಯಾಕ ಆಗಂಗಿಲ್ಲ ಅಂತ ತೋರಿಸ್ತೇನಿ" ಎಂದು ಮುನವ್ವರಾ ಪಕ್ಕದ ಬೆಂಚು ತೋರಿಸಿದರು. ಮೇಡಂ ನಾಲ್ವರಿಗೂ ಮತ್ತೊಂದು ಅವಕಾಶ ಕೊಟ್ಟರು. ಅಲ್ಲೇ ಹೊಸ ಹಾಳೆ ಹುಟ್ಟಿಸಿದ್ದಾಯಿತು. ಮೂವರು ಸರಿ ಮಾಡಿದರು, ಅವರಲ್ಲಿ ಫಕ್ಕೀರೇಶನೂ ಒಬ್ಬ.

ಸೋಮವಾರ ಸವಣೂರಿನಲ್ಲಿ ಪ್ರಾಂಶುಪಾಲರು ಕರೆದರು. ನೀನಾಗಿ ಹೋಗಿ ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಕೇಳಿದರು. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲವಂತೆ.

"ದುಂಡಸಿ ಹುಡುಗಿಗೆ ಗೊತ್ತಿತ್ತಲ್ರಿ ಸರ್" ಎಂದರು ಮುನವ್ವರಾ.

ಕಾಗದಕ್ಕೆ ಸಹಿ ಬಿತ್ತು. ಮುಂದಿನ ತಿಂಗಳು ಲ್ಯಾಬಿಗೆ ಒಂದು ಬ್ಯಾಟರಿಯೂ ಬಂತು. ಅಂದಿನಿಂದ ಪ್ರತಿ ಹಾಳೆಯ ಬಲ ಮೂಲೆಯಲ್ಲಿ ಚಿಕ್ಕದಾಗಿ ಬೀಜದ ಅಂಕಿ ಇರುತ್ತದೆ. ಆ ದಿನದ ತಾರೀಖು, ಅದರ ಮುಂದೆ ತರಗತಿಯ ಸಂಖ್ಯೆ. ಯಾವ ಊರಿನ ಯಾವ ವಿದ್ಯಾರ್ಥಿ ಫೋನ್ ಮಾಡಿದರೂ ಅದೇ ಚಿತ್ರ ಅರ್ಧ ನಿಮಿಷದಲ್ಲಿ ಪರದೆಯ ಮೇಲಿರುತ್ತದೆ. ಈಗ ತಿಂಗಳಿಗೆ ಐದಾರು ಫೋನ್ ಬರುತ್ತವೆ. ಹೆಚ್ಚಿನ ಸಲ ವಿದ್ಯಾರ್ಥಿಗಳದೇ ತಪ್ಪು. ಎರಡು ಸಲ ಮಾತ್ರ ಪ್ರಿಂಟರ್ ಒಂದು ಗೆರೆ ನುಂಗಿತ್ತು.

ರಾಜಶ್ರೀ ಬಿ.ಎಸ್ಸಿ., ಬಿ.ಇಡಿ. ಮುಗಿಸಿ ಈಗ ಹಂಸಭಾವಿಯ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಾರೆ. ಎಂಟನೇ ತರಗತಿಗೆ ಐದು ಚುಕ್ಕಿಗಳ ಸಣ್ಣ ಹಾಳೆಗಳನ್ನು ಸವಣೂರಿನಿಂದಲೇ ತರಿಸುತ್ತಾರೆ. ಗೆರೆಯಿಂದ ಸೇರಿದ ಎರಡು ಚುಕ್ಕಿಗಳಿಗೆ ಒಂದೇ ಬಣ್ಣ ಬರದಂತೆ ಬಣ್ಣ ತುಂಬುವ ಆಟ ಅದು. "ಅವತ್ತ ಫೋನ್ ಮಾಡೋ ಮುಂದ ಬೈತಾರೇನೋ ಅಂತ ಹೆದರಿದ್ದೆ" ಎನ್ನುತ್ತಾರೆ ರಾಜಶ್ರೀ. "ಒಂದೊಂದು ಗೆರಿ ಓದು ಅಂದ್ರು. ನನ್ನ ಮಾತು ಕೇಳಿ ಯಾರರ ಪೆನ್ನು ಹಿಡದದ್ದು ಅದ ಮೊದಲು."

ಈ ಮಾತು ತಿಳಿಸಿದರೆ ಮುನವ್ವರಾ ಲಕೋಟೆಗೆ ಗೋಂದು ಹಚ್ಚುತ್ತಾರೆ. ಹೊರಗೆ ಬಿಸಿಲು ಏರುತ್ತಿದೆ, ಹಿರೇಕೆರೂರಿನ ಬಸ್ಸಿಗೆ ಇನ್ನು ಹತ್ತು ನಿಮಿಷ ಇದೆ. ಇಷ್ಟು ಮಾಡಿದ್ದೀರಿ, ನಿಮಗೇನಾದರೂ ಬೇಕು ಅನ್ನಿಸುವುದಿಲ್ಲವೇ ಎಂದು ಕೇಳುತ್ತೇನೆ. ಸಂಬಳದ ಮಾತೋ, ಕಾಯಂ ಕೆಲಸದ ಮಾತೋ ಬರುತ್ತದೆ ಎಂದುಕೊಂಡಿದ್ದೆ. ಅವರು ಗೋಂದಿನ ಬೆರಳನ್ನು ಬಟ್ಟೆಗೆ ಒರೆಸುತ್ತ ಯೋಚಿಸುತ್ತಾರೆ.

"ಒಂದು ಐತ್ರಿ. ಇಷ್ಟು ಹಾಳಿ ಮಾಡೇನಿ, ಎಲ್ಲಾದರದ್ದೂ ಉತ್ತರ ನನಗ ಮೊದಲ ಗೊತ್ತಿರತೈತಿ. ಯಾರರ ನನಗೂ ಒಂದು ಹಾಳಿ ಮಾಡಿ ಕೊಡಬೇಕ್ರಿ. ಹತ್ತು ಚುಕ್ಕಿ ಸಾಲಂಗಿಲ್ಲ, ಇಪ್ಪತ್ತು ಇರಲಿ. ಆಗತೈತೋ ಇಲ್ಲೋ ಹೇಳಬಾರ್ದು. ನಾ ಪೆನ್ಸಿಲ್ ಹಿಡಕೊಂಡು ಕುಂದರ್ತೇನಿ."