ಗೊಂಬೆಗಳ ನಡುವೆ ಸಿಟಿ ಬಸ್ಸು

ಮೈಸೂರು, ಆಯುಧಪೂಜೆಯ ಬೆಳಿಗ್ಗೆ, 1998.

ಊರು ನೋಡಲು ಬಂದ ನನ್ನನ್ನು ರಾಮಕೃಷ್ಣನಗರದ ಗೆಳತಿ ಸುಮಿತ್ರಾ ಮೊದಲು ತನ್ನ ಮನೆಯ ದಸರಾ ಗೊಂಬೆಗಳ ಎದುರು ನಿಲ್ಲಿಸಿದಳು. ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಒಂದು ಕೆಂಪು ಸಿಟಿ ಬಸ್ಸು. ಮಕ್ಕಳು ಜೋಡಿಸಿ ಆಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದಲೇ ಅವಳು ಕಟ್ಟಿದ್ದು. ಬಾಗಿಲಲ್ಲಿ ನಿಲ್ಲಿಸಿದ್ದ ಪುಟ್ಟ ಕಂಡಕ್ಟರನ ಬಗಲಲ್ಲಿ ಚೀಲವೂ ಇತ್ತು. "ಪ್ಲಾಸ್ಟಿಕ್ ಸಾಮಾನಿಗೆಲ್ಲ ನಾನು ಆರತಿ ಎತ್ತಲ್ಲ ಕಣಮ್ಮ" ಎಂದು ಅವಳ ಅತ್ತೆ ಮೊದಲೇ ಹೇಳಿದ್ದರಂತೆ.

ಬಸ್ಸು ಎಡಕ್ಕೆ ವಾಲಿತ್ತು. ಇಟ್ಟಿಗೆ ಸಡಿಲವಾಗಿರಬೇಕೆಂದು ನೆಟ್ಟಗೆ ಮಾಡಲು ಕೈ ಚಾಚಿದೆ.

"ಮುಟ್ಬೇಡಿ" ಎಂದವರು ಅತ್ತೆ. "ಅದು ಹಂಗೇ ವಾಲೋದು. ದಿನಾ ಮಾರ್ಕೆಟ್ಟಿಗೆ ಹೋಗ್ತೀನಲ್ಲ, ಫುಟ್‌ಬೋರ್ಡಲ್ಲಿ ಜನ ನೇತಾಡಿ ನೇತಾಡಿ ನಮ್ಮ ಬಸ್ಸು ಯಾವತ್ತು ನೆಟ್ಟಗೆ ಹೋಗಿದೆ?"

ಅಂದವರೇ ಕುಂಕುಮದ ಬಟ್ಟಲು ಕೈಗೆತ್ತಿಕೊಂಡರು. ಸುಮಿತ್ರಾ ನಗು ತಡೆದುಕೊಂಡು ಆರತಿ ತಟ್ಟೆ ತಂದಳು. ಅತ್ತೆ ಬಸ್ಸಿನ ಮುಂಭಾಗಕ್ಕೆ ಕುಂಕುಮವಿಟ್ಟು ಆರತಿ ಎತ್ತಿದರು. ನಿಂಬೆಹಣ್ಣು ಗಾಲಿಗಿಂತ ದೊಡ್ಡದಿತ್ತು. ಅದನ್ನು ಕೊಯ್ದು, ಗಾಲಿಗೊಂದರಂತೆ ಬೀಜವಿಟ್ಟರು.

"ಈಗ ಹೊರಡ್ಸಮ್ಮ, ರೈಟ್."

ಸುಮಿತ್ರಾ ಬೆರಳಿನಿಂದ ತಳ್ಳಿದಳು. ಬಸ್ಸು ಬೀಜಗಳ ಮೇಲೆ ಹತ್ತಿ, ಎಡಕ್ಕೆ ವಾಲಿಕೊಂಡೇ ಹೊರಟಿತು.