ಅಂಚು ಎತ್ತಿ ನೋಡದವರು

ಎರಡೂ ಮಣಿಕಟ್ಟುಗಳ ಮೇಲೆ ಜೋಮಿಗೆಂದು ಮಾಡಿಸಿದ ಆಪರೇಷನ್ನಿನ ಗೀರು, ಬೆರಳ ತುದಿಗಳಲ್ಲಿ ಸುಟ್ಟ ಕಲೆ. ಮಲಾಡ್ ಸ್ಟೇಷನ್ ಬಳಿಯ ಉಡುಪಿ ಹೋಟೆಲಿನ ದೋಸೆ ಭಟ್ಟರ ಬೆರಳುಗಳು ಜೋಮು ಹಿಡಿದು, ಕಾವಲಿಯ ಬಿಸಿಯೇ ತಿಳಿಯುತ್ತಿರಲಿಲ್ಲ. ಅಡುಗೆಮನೆಯವರು ಅದನ್ನು 'ದೋಸೆ ಕೈ' ಎಂದು ನಗುತ್ತಿದ್ದರು. ಕಾಲು ಬಾತರೆ ನಿಂತು ನಿಂತು, ಉಸಿರು ಕಟ್ಟಿದರೆ ಹೊಗೆಯಿಂದ. ಹೋಟೆಲಿನವರಲ್ಲಿ ಪ್ರತಿ ನೋವಿಗೂ ಕಸುಬೇ ಉತ್ತರ.

ಭಟ್ಟರು ಸಿಡುಕರು. ಚೀಸ್ ದೋಸೆ ಕೇಳಿದವರಿಗೆ, "ಪಿಜ್ಜಾ ಅಂಗಡಿ ಎದುರಿಗೆ ಉಂಟು" ಎನ್ನುತ್ತಿದ್ದರು. ಅವಸರದ ಹೊಸ ಅಡುಗೆಯವರಿಗೆ ಒಂದೇ ಬೈಗುಳ: "ಮೇಲೆ ಒಣಗಿದ ಕೂಡಲೇ ಆಯ್ತಾ ಮಾರಾಯ? ಅಂಚು ಎತ್ತಿ ನೋಡು."

ಮೆಟ್ಟಿಲು ಹತ್ತಲಾಗದಾಗ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಎಕೋ ಮಾಡಿಸಿದರು. ಹೃದಯದ ಗೋಡೆ ದಪ್ಪ, ಬಿಪಿಯಿಂದ ಇರಬಹುದು, ಪಂಪಿಂಗ್ ನಾರ್ಮಲ್ ಎಂದರು ಅಲ್ಲಿನ ಡಾಕ್ಟರು. ಹೋಟೆಲಿಡೀ ಹಿಡಿದುಕೊಂಡದ್ದು ಕೊನೆಯ ಮಾತನ್ನು. "ಪಂಪಿಂಗ್ ಸರಿ ಉಂಟಲ್ಲ, ಮತ್ತೆಂತ?" ಇಲ್ಲದ ಬಿಪಿಗೆ ಗುಳಿಗೆ ನುಂಗಿ ಭಟ್ಟರು ಮತ್ತೊಂದು ವರ್ಷ ಒಲೆಯ ಮುಂದೆ ನಿಂತರು. ಒಮ್ಮೆ ತಲೆ ತಿರುಗಿ ಅಲ್ಲೇ ಬಿದ್ದರು.

ದಿನವೂ ಅವರ ಕೈಯ ದೋಸೆ ತಿಂದು ಪತ್ರಿಕಾ ಕಚೇರಿಗೆ ಹೋಗುತ್ತಿದ್ದ ನಾನು, ಆಗ ಅವರನ್ನು ಅಂಧೇರಿಯ ಹೃದ್ರೋಗ ತಜ್ಞೆಯ ಬಳಿಗೆ ಕರೆದೊಯ್ದೆ. ಮುಂಬಯಿಯಲ್ಲೇ ಬೆಳೆದ ಮಂಗಳೂರಿನವರ ಮಗಳು, ಕನ್ನಡ ತಡವರಿಸುತ್ತಿತ್ತು.

"ಮಾಮಾ, ಬಿಪಿ ಕಬ್ ಸೆ... ಯಾವಾಗಿಂದ?"

"ನನಗೆ ಸಿಟ್ಟು ಮಾತ್ರ ಉಂಟು ಡಾಕ್ಟ್ರೆ. ಬಿಪಿ ಎಂದೂ ಇರ್ಲಿಲ್ಲ."

ಆಕೆ ನಗಲಿಲ್ಲ. ಮಣಿಕಟ್ಟಿನ ಗೀರುಗಳನ್ನು ಮುಟ್ಟಿ ನೋಡಿದರು. ಎಕೋ ಪರದೆಯಲ್ಲಿ ಹೃದಯದ ತುದಿಯಷ್ಟೇ ಚುರುಕಾಗಿ ಕುಗ್ಗುತ್ತಿತ್ತು. ಬುಡ ಅಲುಗುತ್ತಲೇ ಇರಲಿಲ್ಲ. ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಸೇರಿಕೊಂಡಿರಬೇಕು, ಮಣಿಕಟ್ಟಿನ ನರ ಅಮುಕಿದ್ದೂ ಅದೇ ಇರಬಹುದು ಎಂದರು. ರಕ್ತಪರೀಕ್ಷೆ, ಸ್ಕ್ಯಾನ್‌ಗಳು ಅದನ್ನು ಖಚಿತಪಡಿಸಿದವು.

"ಪಂಪಿಂಗ್ ಸರಿ ಅಂದ್ರಲ್ಲ?" ಭಟ್ಟರು ಕೇಳಿದರು.

"ಹಿಂಡತ್ತೆ ಮಾಮಾ, ಸಡಿಲ ಆಗಲ್ಲ. ಬ್ಲಡ್ ತುಂಬೋಕೆ ಜಾಗಾನೇ ಇಲ್ಲ. ಈಗ ಹಾರ್ಟಿನ ರೈಟ್ ಸೈಡ್ ಕೂಡ ಥಕ್ ಗಯಾ... ಸುಸ್ತಾಗಿದೆ. ಔಷಧಿ ಇದೆ, ಕೊಡ್ತೀನಿ. ಬೇಗ ಸಿಕ್ಕಿದ್ರೆ ಬಹಳ ಫರಕ್ ಆಗ್ತಿತ್ತು."

ಭಟ್ಟರು ಅಂಗಿಯ ಗುಂಡಿ ಹಾಕಲಾಗದೆ ಒದ್ದಾಡುತ್ತ ಗುಡುಗಿದರು: "ಗೋಡೆ ದಪ್ಪ ಅಂತ ಅವರೇ ಹೇಳಿದ್ದಲ್ವಾ? ಎಂತಕ್ಕೆ ದಪ್ಪ ಅಂತ ಒಬ್ಬನಾದ್ರೂ ಕೇಳ್ಲಿಕ್ಕೆ ಬೇಡ್ವಾ?"

ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಅಪರೂಪದ ಕಾಯಿಲೆ ಎಂದು ನರ್ಸಿಂಗ್ ಹೋಮಿನವರು ಕೈತೊಳೆದುಕೊಂಡರು. ಹೋಟೆಲಿನವರಿಗೆ ಅದು ಇಂದಿಗೂ ಹಾರ್ಟ್ ಅಟ್ಯಾಕ್.

ಮೊನ್ನೆ ಹೊಸ ಭಟ್ಟರು ದೋಸೆ ಹುಯ್ಯುತ್ತ ಮತ್ತೆ ಮತ್ತೆ ಕೈ ಕೊಡವುತ್ತಿದ್ದರು. ನಾನು ನೋಡಿದ್ದನ್ನು ಕಂಡು ಕ್ಯಾಷಿಯರ್ ನಕ್ಕ. "ದೋಸೆ ಕೈ ಸಾರ್. ನಮ್ಮಲ್ಲಿ ಎಲ್ಲರಿಗೂ ಬರ್ತದೆ."

ನಾನು ತಟ್ಟೆ ಬದಿಗೆ ಸರಿಸಿ ಕಾವಲಿಯ ಹತ್ತಿರ ಹೋದೆ.

"ಒಲೆ ಆರಿಸಿ ಭಟ್ರೆ. ಅಂಧೇರಿಗೆ ಹೋಗಿ ಬರೋಣ, ನಡೀರಿ."