ಮಾರಿವಿಕ್ ಹುಬ್ಬೇರಿಸಿದ್ದು

ಹೆಡ್ಲಿ ಡರ್ನ್‌ಫರ್ಡ್ ಹುಟ್ಟಿದಾಗ ಸೂಲಗಿತ್ತಿಯ ಜೊತೆ ನಾನೂ ಇದ್ದೆ. ಬೆನ್ನಿಗೆ ಎರಡು ಏಟು ಬಿದ್ದ ಮೇಲೇ ಅವನು ಬಾಯಿ ಬಿಟ್ಟಿದ್ದು. ಆಮೇಲೂ ಅಷ್ಟೆ. ಈ ಐವತ್ತೆರಡು ವರ್ಷದಲ್ಲಿ ಅವನು ಆಡಿದ ಮಾತನ್ನೆಲ್ಲ ಕೂಡಿಸಿದರೂ ನನ್ನ ತಂಗಿ ಮಿನಾ ಒಂದು ವಾರದಲ್ಲಿ ಆಡುವಷ್ಟು ಆಗುವುದಿಲ್ಲ. ಕೆಟ್ಟವನಲ್ಲ. ತಾಯಿ ಹಾಸಿಗೆ ಹಿಡಿದಿದ್ದ ಹನ್ನೊಂದು ವರ್ಷ ತಾನೇ ಬ್ರೆಡ್ಡು ಬೇಯಿಸಿ, ತಾನೇ ಅವಳ ತಲೆ ಬಾಚಿ ನೋಡಿಕೊಂಡ. ದೋಣಿಗೆ ಅವಳ ಹೆಸರಿಟ್ಟ. ಮದುವೆ ಮಾತ್ರ ಆಗಲಿಲ್ಲ. ಮದುವೆಯಾಗಬೇಕಾದರೆ ಯಾರನ್ನಾದರೂ ಬಾಯಿ ಬಿಟ್ಟು ಕೇಳಬೇಕಲ್ಲ.

ನ್ಯೂಫೌಂಡ್‌ಲ್ಯಾಂಡಿನ ಈ ನಮ್ಮ ಕೊಲ್ಲಿಯಲ್ಲಿ ಈಗ ಇರುವುದು ಮೂವತ್ತೆಂಟು ಮನೆ. ಏಡಿ ಕಾರ್ಖಾನೆಗೆ ಜನ ಸಾಲದೆ ಫಿಲಿಪೀನ್ಸಿನಿಂದ ಹೆಂಗಸರನ್ನು ಕರೆಸಿದರು. ಅವರಲ್ಲೊಬ್ಬಳು ಮಾರಿವಿಕ್. ನಲವತ್ತೊಂದು ವರ್ಷದವಳು, ಗಂಡ ತೀರಿಹೋಗಿದ್ದ. ನನ್ನ ಮನೆಯ ಹಿಂದಿನ ಕೋಣೆಯಲ್ಲೇ ಇಳಿದುಕೊಂಡಳು. ನನ್ನನ್ನು ಲೋಲಾ ಎಂದು ಕರೆಯುತ್ತಾಳೆ. ಅವರ ಕಡೆ ಹಾಗೆಂದರೆ ಅಜ್ಜಿ.

ತಿಂಗಳಿಗೊಮ್ಮೆ ನನಗೆ ಮೀನು ತಂದುಕೊಡುತ್ತಿದ್ದ ಹೆಡ್ಲಿ ಅವಳು ಬಂದ ಮೇಲೆ ದಿನಾ ತರಲು ಶುರು ಮಾಡಿದ. ಅವಳು ಹುಳಿ ಹಾಕಿ ಸಾರು ಮಾಡುವಳು. ಅವನು ಎರಡು ಬಟ್ಟಲು ಕುಡಿದು, ಬಟ್ಟಲು ತೊಳೆದಿಟ್ಟು, ಟೋಪಿ ಹಾಕಿಕೊಂಡು ಹೋಗುವನು. ಎರಡು ಬೇಸಿಗೆ ಹೀಗೇ ನಡೆಯಿತು. ನಾನು ಹೆಣೆಯುತ್ತಾ ಕೂತು ನೋಡುತ್ತಿದ್ದೆ.

ಈ ಸಲದ ಏಡಿ ಹಂಗಾಮು ಮುಗಿಯಿತು. ದೂರದ ಆಲ್ಬರ್ಟಾದಲ್ಲಿರುವ ಮಾರಿವಿಕ್‌ಳ ಚಿಕ್ಕಪ್ಪನ ಮಗಳು ಅವಳಿಗೆ ಅಲ್ಲಿನ ಹೋಟೆಲಿನಲ್ಲಿ ಕೆಲಸ ಹುಡುಕಿದ್ದಳು. ಶನಿವಾರ ಬೆಳಗ್ಗೆ ಎಂಟಕ್ಕೆ ವ್ಯಾನು. ಹೋದರೆ ಹೋದಂತೆ, ಇನ್ನು ಈ ಕಡೆ ಬರುವವಳಲ್ಲ.

ಗುರುವಾರ ಅವಳ ಕೋಣೆಯಿಂದ ದಡಬಡ ಸದ್ದು ಕೇಳಿ ಹೋದೆ. ಸೂಟ್‌ಕೇಸಿನ ಮುಚ್ಚಳ ಬಡಿಯುತ್ತಿದ್ದಳು.

"ಏನೇ, ಪೆಟ್ಟಿಗೆ ಏನು ಮಾಡ್ತು ನಿಂಗೆ?"

"ಲೋಲಾ, ನಿಮ್ಮೂರಿನ ಗಂಡಸ್ರಿಗೆ ನಾಚಿಕೆ ಅನ್ನೋದು ಇಲ್ವಾ? ಭಾನುವಾರ ದೋಣಿ ಕಟ್ಟೋ ದಕ್ಕೆ ಹತ್ರ ನಿಲ್ಲಿಸ್ಕೊಂಡು, ನನ್ನ ಮದುವೆ ಆಗ್ತೀಯಾ ಅಂತ ಕೇಳ್ದ ಹೆಡ್ಲಿ. ಹೂಂ ಅಂದೆ. ಅಂದಿದ್ದೇ ತಡ, ಬೆನ್ನು ತಿರುಗಿಸ್ಕೊಂಡು ಹೊರಟ್ಹೋದ! ನಾಲ್ಕು ದಿನ ಆಯ್ತು, ಮುಖ ತೋರ್ಸಿಲ್ಲ. ತಮಾಷೆಗೆ ಕೇಳಿದ್ನೇನೋ."

ಹೆಡ್ಲಿ ತಮಾಷೆ ಮಾಡುವುದೇ? ನನಗೆ ನಂಬಿಕೆ ಬರಲಿಲ್ಲ.

"ಹೂಂ ಅಂತ ಹೆಂಗಂದೆ?"

"ಹೆಂಗಂದ್ರೆ? ಹಿಂಗೆ."

ಎರಡೂ ಹುಬ್ಬನ್ನು ಮೇಲಕ್ಕೆತ್ತಿ ಇಳಿಸಿದಳು. ತುಟಿ ಅಲುಗಲಿಲ್ಲ.

"ಅದು ಹೂಂ ಅಂತಲಾ?"

ಮತ್ತೆ ಹುಬ್ಬೆತ್ತಿದಳು.

"ಅಯ್ಯೋ ಮಾರಾಯ್ತಿ! ನಮ್ಮಲ್ಲಿ ಹಂಗೆ ಮಾಡಿದ್ರೆ, ನಿಂಗೇನು ತಲೆ ಕೆಟ್ಟಿದ್ಯಾ ಅಂತ ಅರ್ಥ."

ನನಗೆ ಆಗ ಹೊಳೆಯಿತು. ಎರಡು ವರ್ಷದಿಂದ "ಚಹಾ ಕುಡೀತೀಯಾ" ಎಂದು ಕೇಳಿದಾಗಲೆಲ್ಲ ಹುಬ್ಬೇರಿಸುತ್ತಿದ್ದಳು. ಪಾಪ, ಇವಳಿಗೆ ಚಹಾ ಕಂಡರೂ ಆಶ್ಚರ್ಯ ಎಂದುಕೊಂಡು ಸುಮ್ಮನೆ ಲೋಟ ಮುಂದಿಡುತ್ತಿದ್ದೆ.

"ನೀವೇನು ಕಮ್ಮಿನಾ?" ಎಂದಳು ಅವಳು. "ಬಂದ ಹೊಸತ್ರಲ್ಲಿ ಕಾರ್ಖಾನೆ ಮೇಸ್ತ್ರಿನ ಕೇಳ್ದೆ, ಈ ಕ್ರೇಟು ಇಲ್ಲಿಡ್ಲಾ ಅಂತ. ಆತ ಹ್ಹಾ ಅಂತ ಉಸಿರು ಒಳಗೆಳ್ಕೊಂಡ. ಎದೆ ನೋವು ಬಂತು ಅಂದ್ಕೊಂಡು ಓಡಿಹೋಗಿ ಕುರ್ಚಿ ತಂದೆ, ನೀರು ತಂದೆ. ಎಲ್ರೂ ನಕ್ಕಿದ್ದೇ ನಕ್ಕಿದ್ದು."

ನಾವು ಹೂಂ ಎನ್ನುವುದು ಹಾಗೇ, ಗಾಳಿಯನ್ನು ಒಳಗೆಳೆದುಕೊಂಡು. ಅವಳು ಹೇಳುವವರೆಗೆ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ನಾನು ಕೋಟು ಹಾಕಿಕೊಂಡು ಹೆಡ್ಲಿಯ ಬಲೆಮನೆಗೆ ಹೋದೆ. ಹರಿಯದೇ ಇದ್ದ ಬಲೆಯನ್ನೂ ಹೊಲಿಯುತ್ತಾ ಕೂತಿದ್ದ.

"ಏನೋ, ಅವಳನ್ನ ಕೇಳಿದ್ಯಂತೆ?"

ಅವನ ಕಿವಿ ಕೆಂಪಗಾಯಿತು. "ಕೇಳ್ಬಾರ್ದಿತ್ತು ದೊಡ್ಡಮ್ಮ. ಗಾಬರಿ ಬಿದ್ಲು. ಹುಬ್ಬು ಹೋಗಿ ಕೂದಲಿಗೆ ತಾಗ್ತು."

"ಅದು ಒಪ್ಪಿದ್ದು ಕಣೋ, ದಡ್ಡ!"

"ಹಂಗೆ ಯಾರು ಒಪ್ತಾರೆ?"

"ಅವರ ದೇಶದಲ್ಲಿ ಅಷ್ಟೂ ಜನ ಹಂಗೇ ಒಪ್ಪೋದಂತೆ. ಏಳು, ನೀನೇ ಬಂದು ನೋಡು."

ನಾವು ಬರುವಷ್ಟರಲ್ಲಿ ಮಿನಾಗೆ ಅದು ಹೇಗೋ ಗೊತ್ತಾಗಿ ಅಡುಗೆಮನೆಯಲ್ಲಿ ಬಂದು ಕೂತಿದ್ದಳು. ಹೆಡ್ಲಿ ಬಾಗಿಲಲ್ಲೇ ನಿಂತ.

"ಚಳಿ ಇದ್ಯಾ?" ಎಂದು ಮಾರಿವಿಕ್‌ಳನ್ನು ಕೇಳಿದ.

ಅವಳ ಹುಬ್ಬು ಮೇಲೇರಿತು.

"ಇವತ್ತು ಸಾರು ಇದ್ಯಾ?"

ಹುಬ್ಬು ಮೇಲೇರಿತು.

"ನಾನು ದಡ್ಡ ಅಂತ ದೊಡ್ಡಮ್ಮ ಹೇಳಿದ್ಲು. ಹೌದಾ?"

ಈ ಸಲ ಹುಬ್ಬು ಇನ್ನೂ ಮೇಲೇರಿತು. ಮಿನಾ ಮುಸುಮುಸು ನಕ್ಕಳು. "ಕೇಳೋ ಮಗನೇ, ಕೇಳೋದನ್ನ ಕೇಳು. ಒಲೆ ಮೇಲೆ ಅಡುಗೆ ಇಟ್ಟು ಬಂದಿದೀನಿ ನಾನು."

"ಭಾನುವಾರ ಕೇಳಿದ್ದು," ಎಂದ ಹೆಡ್ಲಿ. "ಅದಕ್ಕೂ ಇದೇ ಉತ್ತರನಾ?"

"ಇದೇ ಉತ್ತರ," ಎಂದು ಮಾರಿವಿಕ್ ಬಾಯಿಂದಲೇ ಹೇಳಿದಳು. "ಆದ್ರೆ ನಮ್ಮಲ್ಲಿ ಗಂಡಿನ ಕಡೆ ಹಿರಿಯರು ಬಂದು ಹೆಣ್ಣಿನ ಅಮ್ಮನ್ನ ಕೇಳ್ಬೇಕು. ಅಮ್ಮ ಆಗಲ್ಲ ಅಂದ್ರೆ ಶನಿವಾರ ನಾನು ವ್ಯಾನು ಹತ್ತೋಳೇ."

"ಮದುವೆ ನಿನ್ನ ಜೊತೆ ತಾನೇ? ಅಮ್ಮನ್ನ ಯಾಕೆ?"

ಅವನ ಪ್ರಶ್ನೆ ತಪ್ಪಲ್ಲ. ನನ್ನ ಮದುವೆ ಗೊತ್ತಾದ ಸುದ್ದಿ ನನ್ನ ಅಮ್ಮನಿಗೆ ತಿಳಿದದ್ದು ಅಂಗಡಿಯಲ್ಲಿ, ಹಿಟ್ಟು ತರಲು ಹೋದಾಗ. ಆದರೆ ಮಾರಿವಿಕ್ ಕೈಕಟ್ಟಿ ನಿಂತಿದ್ದಳು.

"ನಿಮ್ಮ ಕಡೆ ಹಿರಿಯರು ಯಾರಿದಾರೆ?"

ಹೆಡ್ಲಿ ನನ್ನನ್ನು ನೋಡಿದ. ಮಿನಾಳೂ ನನ್ನನ್ನೇ ನೋಡಿದಳು.

ಶನಿವಾರ ಬೆಳಗ್ಗೆ ಏಳೂವರೆಗೆ ಚರ್ಚಿನ ಟೋಪಿ ಹಾಕಿಕೊಂಡು ಫೋನಿನ ಮುಂದೆ ಕೂತೆ. ಫಿಲಿಪೀನ್ಸಿನಲ್ಲಿ ಆಗ ಸಂಜೆ. ಫೋನಿನ ಪರದೆಯಲ್ಲಿ ಮಾರಿವಿಕ್‌ಳ ಅಮ್ಮ ನಡುವೆ, ಹಿಂದೆ ಹದಿನಾಲ್ಕು ತಲೆ ಎಣಿಸಿದೆ, ಒಂದು ಕೋಳಿಯೂ ಇತ್ತು. ನಾನು ಹೇಳುವುದು, ಮಾರಿವಿಕ್ ಅವರ ಭಾಷೆಗೆ ತಿರುಗಿಸಿ ಹೇಳುವುದು. ಹುಡುಗ ಕುಡಿಯುವುದಿಲ್ಲ, ದೋಣಿ ಸ್ವಂತದ್ದು, ತಾಯಿಯನ್ನು ಚೆನ್ನಾಗಿ ನೋಡಿಕೊಂಡ, ಹೆಣ್ಣು ಕೊಡಿ ಎಂದೆ. ಆಕೆ ನನ್ನ ಪಕ್ಕ ಕೂತಿದ್ದ ಹೆಡ್ಲಿಯನ್ನು ಬಹಳ ಹೊತ್ತು ನೋಡಿ ಏನೋ ಕೇಳಿದಳು. ಮಾರಿವಿಕ್ ತುಟಿ ಕಚ್ಚಿಕೊಂಡಳು.

"ಹುಡುಗ ಮೂಗನಾ ಅಂತ ಕೇಳ್ತಿದಾಳೆ ಅಮ್ಮ. ಮೂಗ ಆದ್ರೆ ಕೊಡಲ್ವಂತೆ, ಮನೇಲಿ ಬೇಜಾರಾಗುತ್ತಂತೆ."

ಗೋಡೆ ಗಡಿಯಾರದಲ್ಲಿ ಎಂಟಕ್ಕೆ ಆರು ನಿಮಿಷ. ಹೆಡ್ಲಿ ನನ್ನ ಕೈಯಿಂದ ಫೋನು ತಗೊಂಡ.

"ಅಮ್ಮ, ನಾನು ಹೆಡ್ಲಿ. ನಂಗೆ ಮಾತು ಕಮ್ಮಿ. ಇವಳು ಬಂದ್ಮೇಲೆ ಆಡ್ಬೇಕು ಅನ್ಸುತ್ತೆ, ಏನಾಡ್ಬೇಕು ಅಂತ ಗೊತ್ತಾಗಲ್ಲ. ಅನ್ನ ಮಾಡಕ್ಕೆ ಬರಲ್ಲ, ಕಲಿತೀನಿ. ನೀವು ಹೂಂ ಅಂದ್ರೆ ಚಳಿಗಾಲಕ್ಕೆ ಅಲ್ಲಿಗೇ ಬಂದು ಇನ್ನೊಂದ್ಸಲ ಕೇಳ್ತೀನಿ. ವಿಮಾನ ಅಂದ್ರೆ ಭಯ. ಆದ್ರೂ ಬರ್ತೀನಿ."

ಹಿಂದೆ ನಿಂತಿದ್ದ ಮಿನಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಮಾರಿವಿಕ್ ತಿರುಗಿಸಿ ಹೇಳುವುದನ್ನೇ ಮರೆತು ನಿಂತುಬಿಟ್ಟಳು. ಅಮ್ಮ ಬೈದ ಮೇಲೆ ಹೇಳಿದಳು, ನಡುನಡುವೆ ಕಣ್ಣೊರೆಸಿಕೊಂಡು. ಅಲ್ಲಿ ಹದಿನಾಲ್ಕು ಜನರೂ ಒಟ್ಟಿಗೆ ಮಾತಾಡಿದರು.

"ಒಪ್ಪಿದ್ಲು," ಎಂದಳು ಮಾರಿವಿಕ್. "ಬರೋವಾಗ ಬೆಚ್ಚಗಿನ ಬಟ್ಟೆ ತರ್ಬೇಡ ಅಂತ ಹೇಳು ಅಂದ್ಲು."

ಹೊರಗೆ ವ್ಯಾನಿನ ಹಾರ್ನು ಕೇಳಿಸಿತು. ಹೆಡ್ಲಿಯೇ ಹೋದ. ನಾನು ಕಿಟಕಿ ತೆರೆದೆ.

"ಅವಳು ಬರಲ್ಲ," ಎಂದ.

"ಯಾಕೆ, ಹುಷಾರಿಲ್ವಾ?" ಎಂದ ಡ್ರೈವರ್ ಸೈರಸ್.

"ನನ್ನ ಮದುವೆ ಆಗ್ತಾಳೆ."

"ನಿನ್ನನ್ನಾ? ಕೇಳಿದವ್ರು ಯಾರು?"

"ನಾನೇ."

ಸೈರಸ್ ಎಂಜಿನ್ ಆರಿಸಿ, ಒಳಗಿದ್ದ ಇಬ್ಬರು ಪ್ರಯಾಣಿಕರನ್ನೂ ಇಳಿಸಿಕೊಂಡು ಒಳಗೆ ಬಂದ. ನಾನು ಎಲ್ಲರಿಗೂ ಬ್ರೆಡ್ಡಿನ ಹಿಟ್ಟು ಕರಿದು, ಮೇಲೆ ಬೆಲ್ಲದ ಪಾಕದಂಥ ಕಾಕಂಬಿ ಸುರಿದು ಕೊಟ್ಟೆ. ಆವತ್ತು ವ್ಯಾನು ಹೊರಟಾಗ ಒಂಬತ್ತೂಕಾಲು.